ಗಡಿಯಾರದ ಹಂಗಿಲ್ಲದ ಅಪರಾಧ ಕಥನ

ವಾರಕ್ಕೊಂದು ಕಂತು, ನಿಗದಿತ ವೇಳೆ, ಒಮ್ಮೆ ತಪ್ಪಿದರೆ ಕತೆಯ ಎಳೆಯೇ ಕೈಜಾರುವ ಆತಂಕ. ಕೇಬಲ್ ಧಾರಾವಾಹಿಗಳನ್ನು ನೋಡಿದವರಿಗೆಲ್ಲ ಇದು ಪರಿಚಿತ. ಅಮೆರಿಕದ ಎಚ್‌ಬಿಒ ವಾಹಿನಿಯಲ್ಲಿ 2002ರಿಂದ 2008ರವರೆಗೆ ಪ್ರಸಾರವಾದ ‘ದಿ ವೈರ್’ ಈ ಕಟ್ಟುಪಾಡಿನಲ್ಲಿ ಸೊರಗಿದ ಅಪರಾಧ ಕಥನ. ಬಾಲ್ಟಿಮೋರ್ ನಗರದ ಮಾದಕವಸ್ತು ಜಾಲದ ಈ ಕತೆಯನ್ನು, ಅಲ್ಲಿ ಅಪರಾಧ ವರದಿಗಾರರಾಗಿದ್ದ ಡೇವಿಡ್ ಸೈಮನ್ ಅವರು ಪೊಲೀಸ್ ಪತ್ತೇದಾರರೂ ಬಳಿಕ ಶಾಲಾ ಶಿಕ್ಷಕರೂ ಆಗಿದ್ದ ಎಡ್ ಬರ್ನ್ಸ್ ಅವರೊಡನೆ ಸೇರಿ ಹೆಣೆದರು. ಹತ್ತಾರು ಪಾತ್ರಗಳು, ನಿಧಾನದ ನಡೆ. ವಾರವಿಡೀ ಕಾದವರಿಗೆ ಹಿಂದಿನ ಕಂತಿನ ಹೆಸರುಗಳೇ ಮರೆತುಹೋಗುತ್ತಿದ್ದವು. ಪ್ರೇಕ್ಷಕರು ವಿರಳ, ಎಮ್ಮಿ ಪ್ರಶಸ್ತಿ ಒಂದೂ ಬರಲಿಲ್ಲ.

ಡಿವಿಡಿ ಅದಕ್ಕೆ ಮರುಜೀವ ಕೊಟ್ಟಿತು. ಮನೆಯಲ್ಲಿ ಬಿಡುವಾದಾಗ ಒಂದೆರಡು ಕಂತು ನೋಡಿ, ಅರ್ಥವಾಗದ್ದನ್ನು ಮತ್ತೆ ಹಾಕಿಕೊಂಡಾಗ 60 ಕಂತುಗಳೂ ಒಂದೇ ಕಾದಂಬರಿಯಂತೆ ಕೂಡಿಕೊಳ್ಳುತ್ತವೆ. ಕೊಲೆಗಾರ ಯಾರೆಂಬ ಕುತೂಹಲಕ್ಕಿಂತ, ನಾಲ್ಕನೆಯ ಸರಣಿಯ ಶಾಲಾ ಬಾಲಕರು ಬೀದಿಯ ಪಾಲಾಗುವುದೇಕೆ ಎಂಬ ಪ್ರಶ್ನೆ ದೊಡ್ಡದೆಂದು ಆಗ ಹೊಳೆಯುತ್ತದೆ.

ಈಗ ಸ್ಟ್ರೀಮಿಂಗ್ ಬಂದಿದೆ. ಒಂದು ಕಂತು ಮುಗಿಯುತ್ತಿದ್ದಂತೆ ಮತ್ತೊಂದು ತಾನಾಗಿ ತೆರೆದುಕೊಳ್ಳುತ್ತದೆ. ಅಂದು ಗಡಿಯಾರ ನಮ್ಮನ್ನು ಆಳುತ್ತಿತ್ತು, ಇಂದು ಆತುರ ಆಳುತ್ತಿದೆ. ಡಿಸ್ಕ್ ಬದಲಿಸಲು ಎದ್ದಾಗ, ಕಂಡದ್ದನ್ನು ಕುರಿತು ಯೋಚಿಸಲು ಒಂದು ನಿಮಿಷವಾದರೂ ದಕ್ಕುತ್ತಿತ್ತು. ಆ ನಿಮಿಷವನ್ನು ಇನ್ನು ನಾವೇ ಉಳಿಸಿಕೊಳ್ಳಬೇಕು.