ವಿಳಾಸ ಬದಲಾದರೂ ಹೆಸರು ಉಳಿಯಲಿ

ಹಳೆಯ ಲ್ಯಾಪ್‌ಟಾಪನ್ನೋ ರಾಸ್ಪ್‌ಬೆರಿ ಪೈಯನ್ನೋ ಸರ್ವರ್ ಮಾಡಿಕೊಂಡು, ಮನೆಮಂದಿಯ ಫೋಟೊ, ಕಾಗದಪತ್ರಗಳನ್ನು ಮನೆಯಲ್ಲೇ ಇಟ್ಟುಕೊಳ್ಳುವವರಿದ್ದಾರೆ. ನನ್ನ ಪ್ರಕಾರ ಅದು ಬಹಳ ಒಳ್ಳೆಯ ಅಭ್ಯಾಸ. ಪರ ಊರಿಗೆ ಹೋದಾಗ ಮೊಬೈಲಿನಿಂದ ಅದನ್ನು ತಲುಪುವುದು ಹೇಗೆ ಎಂಬಲ್ಲಿ ತೊಡಕು ಶುರು. ಕರೆಂಟ್ ಹೋಗಿ ಬಂದು ರೂಟರ್ ಮತ್ತೆ ಚಾಲೂ ಆಯಿತೆಂದರೆ ಮನೆಯ ಐಪಿ ವಿಳಾಸವೇ ಬೇರೆಯಾಗಿರಬಹುದು. ಬದಲಾಗದ ಸ್ಟ್ಯಾಟಿಕ್ ಐಪಿ ಬೇಕೆಂದರೆ ಸಾಮಾನ್ಯವಾಗಿ ಬೇರೆ ದುಡ್ಡು ಕೊಡಬೇಕು.

ಹೆಸರನ್ನು ಐಪಿ ವಿಳಾಸಕ್ಕೆ ಜೋಡಿಸಿಕೊಡುವ ವ್ಯವಸ್ಥೆ ಡಿಎನ್ಎಸ್. ಪಾಲ್ ಮೊಕಪೆಟ್ರಿಸ್ 1983ರಲ್ಲಿ ಅದನ್ನು ರೂಪಿಸಿದಾಗ, ವಿಳಾಸ ಅಪರೂಪಕ್ಕೆ ಬದಲಾಗುತ್ತದೆ, ಆಗ ಯಾರಾದರೂ ಕೈಯಾರೆ ತಿದ್ದುತ್ತಾರೆ ಎಂಬ ಲೆಕ್ಕವಿತ್ತು. ಆ ತಿದ್ದುವ ಕೆಲಸವನ್ನು ಯಂತ್ರಕ್ಕೆ ವಹಿಸುವುದೇ ಡೈನಾಮಿಕ್ ಡಿಎನ್ಎಸ್. ಮನೆಯ ಸರ್ವರ್‌ನಲ್ಲಿ ಡಿಡಿಕ್ಲೈಂಟ್‌ನಂಥ ಪುಟ್ಟ ತಂತ್ರಾಂಶ ಐದೈದು ನಿಮಿಷಕ್ಕೊಮ್ಮೆ ತನ್ನ ಹೊರಗಿನ ವಿಳಾಸ ಯಾವುದೆಂದು ವಿಚಾರಿಸುತ್ತದೆ. ಹಿಂದಿನದೇ ಇದ್ದರೆ ಸುಮ್ಮನಿರುತ್ತದೆ, ಬದಲಾಗಿದ್ದರೆ ರಹಸ್ಯ ಟೋಕನ್ ಜೊತೆ ಹೊಸದನ್ನು ಡಿಎನ್ಎಸ್ ಸೇವೆಗೆ ಕಳಿಸುತ್ತದೆ. ಜೊತೆಗೆ ಟಿಟಿಎಲ್, ಅಂದರೆ ಒಮ್ಮೆ ಸಿಕ್ಕ ವಿಳಾಸವನ್ನು ಬೇರೆಯವರು ನೆನಪಿಟ್ಟುಕೊಳ್ಳುವ ಅವಧಿ, ಕಡಿಮೆ ಇರಬೇಕು. ಅದು 86,400 ಸೆಕೆಂಡ್ ಇದ್ದರೆ ಹಳೆಯ ವಿಳಾಸ ಒಂದಿಡೀ ದಿನ ಅಲ್ಲಲ್ಲಿ ಉಳಿದುಬಿಡುತ್ತದೆ. 60 ಇದ್ದರೆ ಹೊಸ ವಿಳಾಸ ದಾಖಲಾದ ಒಂದೆರಡು ನಿಮಿಷದಲ್ಲಿ ದಾರಿ ಸರಿಹೋಗುತ್ತದೆ.

ಇಷ್ಟೆಲ್ಲ ಮಾಡುವ ಮೊದಲು ಒಂದು ಪರೀಕ್ಷೆ ಆಗಲೇಬೇಕು. ರೂಟರ್‌ನ ಪುಟ ತೆರೆದು ವ್ಯಾನ್ ಐಪಿ, ಅಂದರೆ ಇಂಟರ್ನೆಟ್ ಕಂಪನಿ ರೂಟರ್‌ಗೆ ಕೊಟ್ಟ ವಿಳಾಸ, ನೋಡಿ. ಅದು 100.64ರಿಂದ 100.127ರೊಳಗೆ ಶುರುವಾಗುತ್ತಿದ್ದರೆ ನೀವು ಸಿಜಿನ್ಯಾಟ್ ಹಿಂದಿದ್ದೀರಿ. ಅಂದರೆ ಎಷ್ಟೋ ಮನೆಗಳಿಗೆ ಸೇರಿ ಹೊರಗೆ ಒಂದೇ ವಿಳಾಸ. ಐಪಿವಿ4 ವಿಳಾಸಗಳು ಒಟ್ಟು ಸುಮಾರು 430 ಕೋಟಿ. ಜಾಗತಿಕ ದಾಸ್ತಾನು 2011ರ ಫೆಬ್ರುವರಿಯಲ್ಲೇ ಬರಿದಾದ ಮೇಲೆ ಕಂಪನಿಗಳು ಹಿಡಿದ ದಾರಿ ಇದು. ಇಂಥಲ್ಲಿ ಹೆಸರು ಎಷ್ಟೇ ಸರಿಯಾಗಿ ತೋರಿಸಿದರೂ ಹೊರಗಿನ ಕರೆ ನಿಮ್ಮ ಮನೆಗೆ ಬರುವುದಿಲ್ಲ. ಹೊಸ ಪೀಳಿಗೆಯ ಐಪಿವಿ6 ವಿಳಾಸ ಇದ್ದರೆ ದಾರಿಯಿದೆ. ಆದರೆ ಅಲ್ಲಿ ಹೆಸರು ತೋರಿಸಬೇಕಾದದ್ದು ರೂಟರ್ ಕಡೆಗಲ್ಲ, ಸರ್ವರ್‌ನ ಸ್ವಂತ ವಿಳಾಸಕ್ಕೆ. ಅದರ ಮೊದಲ ಭಾಗವೂ ಬದಲಾಗುತ್ತಿರಬಹುದು.

ಹೆಸರು ಯಾರದ್ದು ಎಂಬುದೂ ಮುಖ್ಯ. 2014ರ ಜೂನ್ ಕೊನೆಗೆ ಮೈಕ್ರೋಸಾಫ್ಟ್, ಅಮೆರಿಕದ ನೆವಾಡದಲ್ಲಿ ನ್ಯಾಯಾಲಯದ ಆದೇಶ ಪಡೆದು ಡೈನಾಮಿಕ್ ಡಿಎನ್ಎಸ್ ಸೇವೆ ಕೊಡುವ ನೋ-ಐಪಿ ಸಂಸ್ಥೆಯ ಇಪ್ಪತ್ತಕ್ಕೂ ಹೆಚ್ಚು ಡೊಮೈನ್‌ಗಳನ್ನು ವಶಕ್ಕೆ ತೆಗೆದುಕೊಂಡಿತು. ಗುರಿ ಇದ್ದದ್ದು ಮಾಲ್‌ವೇರ್ ಹರಡುವವರ ಮೇಲೆ. ಆದರೆ ಅವೇ ಡೊಮೈನ್‌ಗಳಡಿ ಮನೆಯ ಸರ್ವರ್, ಕ್ಯಾಮೆರಾ ನಡೆಸುತ್ತಿದ್ದ ಲಕ್ಷಾಂತರ ನಿರಪರಾಧಿಗಳ ಸಂಪರ್ಕವೂ ಕೆಲವು ದಿನ ಕಡಿದುಹೋಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಡೈನ್ ಕಂಪನಿ ತನ್ನ ಉಚಿತ ಡೈನಾಮಿಕ್ ಡಿಎನ್ಎಸ್ ಸೇವೆಯನ್ನೇ ನಿಲ್ಲಿಸಿತ್ತು. ಹಾಗಾಗಿ ಎರವಲು ಹೆಸರಿಗಿಂತ ವರ್ಷಕ್ಕಿಷ್ಟು ಕಟ್ಟಿ ಸ್ವಂತ ಡೊಮೈನ್ ಇಟ್ಟುಕೊಳ್ಳುವುದೇ ಲೇಸು. ಡಿಎನ್ಎಸ್ ಸೇವೆ ಕೈಕೊಟ್ಟರೆ ಅದೇ ಹೆಸರನ್ನು ಬೇರೆಡೆಗೆ ಒಯ್ಯಬಹುದು.

ಹೆಸರು ಸಿಕ್ಕಿತೆಂದು ಕ್ಯಾಮೆರಾ, ಡಿವಿಆರ್‌ಗಳ ಪೋರ್ಟ್‌ಗಳನ್ನೆಲ್ಲ ತೆರೆದಿಡಬೇಡಿ. 2016ರ ಅಕ್ಟೋಬರ್ 21ರಂದು ಇದೇ ಡೈನ್ ಮೇಲೆ ದಾಳಿ ನಡೆಸಿ ಟ್ವಿಟರ್‌ನಂಥ ತಾಣಗಳನ್ನು ಮಲಗಿಸಿದ ಮಿರಾಯ್ ಎಂಬ ಮಾಲ್‌ವೇರ್, ಕಾರ್ಖಾನೆಯ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಅಂಥ ಸಾಧನಗಳಲ್ಲೇ ನೆಲೆಯೂರಿತ್ತು. ವೈರ್‌ಗಾರ್ಡ್ ಎಂಬ ವಿಪಿಎನ್‌ಗೆಂದು ಒಂದೇ ಪೋರ್ಟ್ ತೆರೆಯಿರಿ, ಉಳಿದದ್ದೆಲ್ಲ ಅದರೊಳಗಿಂದ ನಡೆಯಲಿ.