ಹಸುಳೆಗಳ ರೋಗನಿರೋಧಕ ಶಕ್ತಿ ನಾಡಿನಿಂದ ನಾಡಿಗೆ ಬೇರೆಯಾಗುವುದೇಕೆ?

ಒಂದೇ ಲಸಿಕೆಯನ್ನು ಒಂದೇ ವಯಸ್ಸಿನ ಹಸುಳೆಗಳಿಗೆ ಕೊಟ್ಟರೆ ಫಲವೂ ಒಂದೇ ಆಗಿರುವುದೆಂದು ನಾವು ಭಾವಿಸುತ್ತೇವೆ. ವಾಸ್ತವ ಹಾಗಿಲ್ಲ. ಶಿಶುಗಳಲ್ಲಿ ಭೇದಿಯನ್ನುಂಟುಮಾಡುವ ರೋಟಾವೈರಸ್ ವಿರುದ್ಧದ ಲಸಿಕೆಯೊಂದನ್ನು ಆಫ್ರಿಕಾದ ಎರಡು ದೇಶಗಳಲ್ಲಿ ಪರೀಕ್ಷಿಸಿದ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ತೀವ್ರ ಸ್ವರೂಪದ ರೋಟಾವೈರಸ್ ಭೇದಿಯನ್ನು ಅದು ದಕ್ಷಿಣ ಆಫ್ರಿಕಾದಲ್ಲಿ ಸುಮಾರು ಶೇ. 77ರಷ್ಟು ತಡೆದರೆ, ಮಲಾವಿಯಲ್ಲಿ ತಡೆದದ್ದು ಶೇ. 49ರಷ್ಟು ಮಾತ್ರ. ಯುರೋಪಿನಲ್ಲಿ ಇದೇ ಲಸಿಕೆಯ ಫಲ ಶೇ. 90ನ್ನು ಮೀರಿತ್ತು. ಮಕ್ಕಳೆಲ್ಲರೂ ಮಕ್ಕಳೇ ಆಗಿರುವಾಗ ಈ ಅಂತರವೇಕೆ?

ದೇಹದ ರಕ್ಷಣೆಗೆ ಎರಡು ಸಾಲುಗಳಿವೆ. ಮೊದಲನೆಯದು ಹುಟ್ಟಿನೊಂದಿಗೇ ಬರುವ ಸಹಜ ರೋಗನಿರೋಧಕ ಶಕ್ತಿ. ಬ್ಯಾಕ್ಟೀರಿಯಾದ ಹೊರಕವಚದ ಅಂಶ, ವೈರಸ್ಸಿನ ಆರ್‌ಎನ್‌ಎ ಮುಂತಾದ ಸಾಮಾನ್ಯ ಗುರುತುಗಳನ್ನು ಕಂಡೊಡನೆ ಕೆಲವು ಬಿಳಿ ರಕ್ತಕಣಗಳು ಸೈಟೊಕೈನ್ ಎಂಬ ಪ್ರೋಟೀನುಗಳನ್ನು ಸ್ರವಿಸಿ ಇತರ ಕಣಗಳನ್ನು ಎಚ್ಚರಿಸುತ್ತವೆ. ಇದಕ್ಕೆ ಕೆಲವು ಗಂಟೆಗಳು ಸಾಕು. ಎರಡನೆಯದು, ನಿರ್ದಿಷ್ಟ ರೋಗಾಣುವನ್ನು ಅರಿತು ನೆನಪಿಟ್ಟುಕೊಳ್ಳುವ ಗಳಿಸಿದ ಶಕ್ತಿ. ಅದು ಸಿದ್ಧವಾಗಲು ದಿನಗಳು, ವಾರಗಳು ಬೇಕು. ಲಸಿಕೆಯ ಗುರಿ ಈ ನೆನಪೇ. ಆದರೆ ಮೊದಲ ಸಾಲು ಎಚ್ಚರಿಸದಿದ್ದರೆ ಎರಡನೆಯದು ಸರಿಯಾಗಿ ಕಲಿಯಲಾರದು. ಹಸುಳೆಗಳಲ್ಲಿ ಅಂತಹ ನೆನಪಿನ ಸಂಗ್ರಹ ಇನ್ನೂ ಅಲ್ಪವಾದ್ದರಿಂದ, ಅವು ಮೊದಲ ಸಾಲನ್ನೇ ಹೆಚ್ಚಾಗಿ ಅವಲಂಬಿಸುತ್ತವೆ.

ಈ ಮೊದಲ ಸಾಲು ಎಲ್ಲೆಡೆಯೂ ಒಂದೇ ಬಗೆಯಲ್ಲಿ ಸ್ಪಂದಿಸುತ್ತದೆಯೇ? ಕೆನಡಾ, ಬೆಲ್ಜಿಯಂ, ಈಕ್ವೆಡಾರ್ ಮತ್ತು ದಕ್ಷಿಣ ಆಫ್ರಿಕಾದ ಎರಡು ವರ್ಷದ ಮಕ್ಕಳನ್ನು ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಮಕ್ಕಳ ರಕ್ತವನ್ನು ರೋಗಾಣುಗಳ ಗುರುತುಗಳೊಡನೆ ಬೆರೆಸಿ, ಸ್ರವಿಸಿದ ಸೈಟೊಕೈನುಗಳನ್ನು ಅಳೆಯಲಾಯಿತು. ದಕ್ಷಿಣ ಆಫ್ರಿಕಾದ ಮಕ್ಕಳ ಪ್ರತಿಕ್ರಿಯೆ ಉಳಿದ ಮೂರು ದೇಶಗಳ ಮಕ್ಕಳಿಗಿಂತ ಗಮನಾರ್ಹವಾಗಿ ಕಡಿಮೆಯಿತ್ತು. ಕಡಿಮೆ ಎಂದರೆ ದುರ್ಬಲವೆಂದು ಅರ್ಥವಲ್ಲ. ಅತಿಯಾದ ಪ್ರತಿಕ್ರಿಯೆಯೂ ದೇಹಕ್ಕೆ ಹಾನಿಕರವೇ.

ಹಾಗಾದರೆ ಇದು ವಂಶದಿಂದ ಬಂದ ಗುಣವೇ? ಗಡಿನಾಡಿನವರಾದ ನಮಗೆ ಬೇಗನೆ ಅರ್ಥವಾಗುವ ಉದಾಹರಣೆಯೊಂದು ಯುರೋಪಿನ ಉತ್ತರದಲ್ಲಿದೆ. ಕರೇಲಿಯಾ ಎಂಬ ನಾಡು ಫಿನ್ಲೆಂಡ್ ಮತ್ತು ರಷ್ಯಾಗಳ ನಡುವೆ ಹಂಚಿಹೋಗಿದೆ. ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಕಣಗಳ ಮೇಲೆರಗುವುದರಿಂದ ಉಂಟಾಗುವ ಒಂದನೆಯ ಬಗೆಯ ಮಧುಮೇಹ, ರಷ್ಯಾದ ಕರೇಲಿಯಾಕ್ಕಿಂತ ಫಿನ್ಲೆಂಡಿನ ಮಕ್ಕಳಲ್ಲಿ ಐದಾರು ಪಟ್ಟು ಹೆಚ್ಚು. ಆ ರೋಗಕ್ಕೆ ಎಡೆಗೊಡುವ ಆನುವಂಶಿಕ ಗುಣಗಳಾದರೋ ಗಡಿಯ ಎರಡೂ ಕಡೆ ಹೆಚ್ಚುಕಡಿಮೆ ಸಮಾನವಾಗಿವೆ.

ಫಿನ್ಲೆಂಡ್, ಎಸ್ಟೋನಿಯಾ ಮತ್ತು ರಷ್ಯಾದ ಕರೇಲಿಯಾದ 222 ಹಸುಳೆಗಳ ಕರುಳಿನ ಸೂಕ್ಷ್ಮಜೀವಿಗಳನ್ನು ಮೂರು ವರ್ಷಗಳ ಕಾಲ ಪರಿಶೀಲಿಸಿದ ಅಧ್ಯಯನ 2016ರಲ್ಲಿ ಹೊರಬಂದಿತು. ಫಿನ್ಲೆಂಡ್ ಮತ್ತು ಎಸ್ಟೋನಿಯಾದ ಹಸುಳೆಗಳಲ್ಲಿ ಬ್ಯಾಕ್ಟೀರಾಯಿಡಿಸ್ ಕುಲದ ಬ್ಯಾಕ್ಟೀರಿಯಾಗಳು ಹೇರಳವಾಗಿದ್ದವು. ಅವುಗಳ ಹೊರಕವಚದ ಅಂಶ ಸಹಜ ರಕ್ಷಣೆಯನ್ನು ಪ್ರಚೋದಿಸುವುದರ ಬದಲು ತಣಿಸುತ್ತದೆಂದು ಪ್ರಯೋಗಗಳು ತೋರಿಸಿದವು. ಬದುಕುವ ಪರಿಸರ ಬೇರೆಯಾದರೆ ಕರುಳಿನ ಜೀವಿಗಳೂ ಬೇರೆಯಾಗುತ್ತವೆ. ಅದರೊಂದಿಗೆ ಎಳೆಯ ದೇಹಕ್ಕೆ ದೊರೆಯುವ ಮೊದಲ ಪಾಠವೂ ಬದಲಾಗುತ್ತದೆ. ಆನುವಂಶಿಕತೆಗೆ ಪಾತ್ರವೇ ಇಲ್ಲವೆಂದಲ್ಲ. ಆದರೆ ಎಲ್ಲ ವ್ಯತ್ಯಾಸವನ್ನೂ ರಕ್ತದ ಗುಣವೆಂದು ತಳ್ಳಿಹಾಕುವುದು ತಪ್ಪು.

ಲಸಿಕೆಯ ಫಲದಲ್ಲಿ ಕಾಣುವ ಅಂತರಕ್ಕೂ ಕಾರಣ ಒಂದಲ್ಲ. ತಾಯಿಯಿಂದ ಬಂದ ಪ್ರತಿಕಾಯಗಳು, ಅಪೌಷ್ಟಿಕತೆ, ಪದೇಪದೇ ಬರುವ ಕರುಳಿನ ಸೋಂಕುಗಳು, ಸೂಕ್ಷ್ಮಜೀವಿಗಳು ಹಾಗೂ ಸಹಜ ರಕ್ಷಣೆಯ ಸ್ಪಂದನ, ಇವೆಲ್ಲವೂ ಅದರಲ್ಲಿ ಸೇರಿವೆಯೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಆದಕಾರಣವೇ ಒಂದು ನಾಡಿನ ಮಕ್ಕಳಿಗೆ ಕೊಡುವ ಲಸಿಕೆಯನ್ನು ಆ ನಾಡಿನ ಮಕ್ಕಳಲ್ಲಿಯೇ ಪರೀಕ್ಷಿಸಬೇಕಾಗುತ್ತದೆ. ದೆಹಲಿಯ ನವಜಾತ ಶಿಶುವೊಂದರಲ್ಲಿ ದೊರೆತ ವೈರಸ್ ತಳಿಯಿಂದ ರೂಪುಗೊಂಡ ರೋಟಾವ್ಯಾಕ್ ಲಸಿಕೆಯನ್ನು ಭಾರತದ ಹಸುಳೆಗಳಲ್ಲಿಯೇ ಪರೀಕ್ಷಿಸಲಾಯಿತು; ಅದರ ಫಲ ಶೇ. 55ರ ಆಸುಪಾಸಿನಲ್ಲಿತ್ತು. ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ 2016ರಲ್ಲಿ ಇದನ್ನು ಮೊದಲು ಪಡೆದ ನಾಲ್ಕು ರಾಜ್ಯಗಳಲ್ಲಿ ಆಂಧ್ರಪ್ರದೇಶವೂ ಒಂದು. ಆದೋನಿ, ರಾಯದುರ್ಗ, ಮಡಕಶಿರಾ ಸೀಮೆಯ ನಮ್ಮ ಕುಟುಂಬಗಳಿಗೂ ಅದು ಹೀಗೆಯೇ ತಲುಪಿತು.

ಶೇ. 55 ಎಂದೊಡನೆ 'ಅರ್ಧಕ್ಕರ್ಧ ವ್ಯರ್ಥ' ಎಂದು ಯಾರಾದರೂ ಹೇಳಿಯಾರು. ಅಂಥವರು ಮಲಾವಿಯ ಲೆಕ್ಕವನ್ನೇ ಮತ್ತೊಮ್ಮೆ ನೋಡಬೇಕು. ಲಸಿಕೆ ಪಡೆದ ಪ್ರತಿ 100 ಹಸುಳೆಗಳಿಗೆ ವರ್ಷವೊಂದರಲ್ಲಿ ತಪ್ಪಿದ ತೀವ್ರ ಭೇದಿಯ ಪ್ರಕರಣಗಳು ದಕ್ಷಿಣ ಆಫ್ರಿಕಾದಲ್ಲಿ 4.2, ಮಲಾವಿಯಲ್ಲಿ 6.7. ರೋಗವೇ ಹೆಚ್ಚಾಗಿರುವೆಡೆ, ಶೇಕಡಾವಾರು ಫಲ ಕಡಿಮೆಯಾದರೂ ಉಳಿಯುವ ಮಕ್ಕಳು ಹೆಚ್ಚು.

ಆದ್ದರಿಂದ ನಮ್ಮ ಮನೆಗಳಲ್ಲಿ ಮಾಡಬೇಕಾದದ್ದು ಸ್ಪಷ್ಟವಾಗಿದೆ. 6, 10 ಮತ್ತು 14ನೆಯ ವಾರಗಳ ರೋಟಾವೈರಸ್ ಲಸಿಕೆಯನ್ನು ತಪ್ಪಿಸದಿರೋಣ. ಮೊದಲ ಆರು ತಿಂಗಳು ಮಗುವಿಗೆ ತಾಯಿಯ ಹಾಲನ್ನಷ್ಟೇ ಕೊಡೋಣ. ಲಸಿಕೆಯ ಕಾರ್ಡು ಮಲಯಾಳ, ತಮಿಳು, ತೆಲುಗು ಅಥವಾ ಮರಾಠಿಯಲ್ಲಿದ್ದು ಓದಲು ತೊಡಕಾದರೆ, ಮುಂದಿನ ದಿನಾಂಕವನ್ನು ಆಶಾ ಕಾರ್ಯಕರ್ತೆಯಿಂದ ಕೇಳಿ ತಿಳಿದು ಕನ್ನಡದಲ್ಲಿಯೇ ಬರೆದಿಟ್ಟುಕೊಳ್ಳೋಣ. ಹಸುಳೆಯ ದೇಹವು ಲೋಕದಿಂದ ಪಾಠ ಕಲಿಯುವ ಕಾಲವಿದು. ಆ ಪಾಠಕ್ಕೆ ಬೇಕಾದುದನ್ನು ಹೊತ್ತಿಗೆ ಸರಿಯಾಗಿ ಒದಗಿಸುವುದು ಹಿರಿಯರಾದ ನಮ್ಮ ಹೊಣೆ.