ದೋಣಿಯಲ್ಲಿ ಬಾಣಂತನ: ಕರೆಂಟ್ ಕಂಬದ ಲೆಕ್ಕ ಗೊತ್ತಿರಲಿ

ಬಾಣಂತನ ಅಂದಕೂಡಲೇ ನಿಮಗೆ ಏನು ನೆನಪಾಗುತ್ತೆ? ಹಂಡೆ ತುಂಬ ಬಿಸಿನೀರು, ಎಣ್ಣೆಸ್ನಾನ, ಸಾಂಬ್ರಾಣಿ ಹೊಗೆ... ಬೆಂಗಳೂರಿನ ಮನೆಯಲ್ಲಾದರೆ ಎಲ್ಲ ಸರಿ. ಆದರೆ ನಿಮ್ಮ ಮಗಳು ಲಂಡನ್ನಿನ ಕಾಲುವೆಯಲ್ಲಿ, ಏಳಡಿ ಅಗಲವೂ ಇಲ್ಲದ ದೋಣಿಯಲ್ಲಿ ಸಂಸಾರ ಹೂಡಿದ್ದರೆ?

ನಗಬೇಡಿ, ನನ್ನ ತಂಗಿ ಹಾಗೇ ಇದ್ದಾಳೆ. ಅಲ್ಲಿನ ಮನೆ ಬಾಡಿಗೆ ಕಟ್ಟಿ ಸಾಕಾಗಿ ಗಂಡ ಹೆಂಡತಿ ಇಬ್ಬರೂ ಸೇರಿ ಒಂದು ನ್ಯಾರೋಬೋಟ್ ಕೊಂಡರು. ಅವಳ ಚೊಚ್ಚಲ ಬಾಣಂತನಕ್ಕೆಂದು ೨೦೨೩ರ ಡಿಸೆಂಬರಿನಲ್ಲಿ ಅಮ್ಮನನ್ನು ಕರೆದುಕೊಂಡು ನಾನೂ ಹೋದೆ. ದೋಣಿ ನೋಡಿದ ಅಮ್ಮ ಕೇಳಿದ ಮೊದಲ ಪ್ರಶ್ನೆ: "ಅಲ್ಲ ಕಣೇ, ಕರೆಂಟ್ ಎಲ್ಲಿಂದ ಬರುತ್ತೆ?"

ಪ್ರಶ್ನೆ ಸರಿಯಾಗೇ ಇತ್ತು. ದೋಣಿಯ ಮಾಡಿನ ಮೇಲೆ ಸೋಲಾರ್ ಹಲಗೆಗಳಿರುತ್ತವೆ, ಒಳಗೆ ೧೨ ವೋಲ್ಟಿನ ಬ್ಯಾಟರಿಗಳು. ಬೇಸಿಗೆಯಲ್ಲಿ ಅಷ್ಟೇ ಸಾಕು. ಡಿಸೆಂಬರಿನಲ್ಲಿ ಮಾತ್ರ ಲಂಡನ್ನಿನಲ್ಲಿ ಹಗಲು ಎಂಟು ಗಂಟೆಯೂ ಇರೋದಿಲ್ಲ, ಆ ಮಂಕು ಬಿಸಿಲಿಗೆ ಸೋಲಾರ್ ಏನು ಕೊಟ್ಟೀತು? ಎಂಜಿನ್ ಓಡಿಸಿದರೆ ಬ್ಯಾಟರಿಯೂ ತುಂಬುತ್ತೆ, ನೀರೂ ಕಾಯುತ್ತೆ. ಆದರೆ ಅಕ್ಕಪಕ್ಕ ಜನರಿದ್ದಾಗ ರಾತ್ರಿ ಎಂಟರಿಂದ ಬೆಳಗಿನ ಎಂಟರವರೆಗೆ ಓಡಿಸುವಂತಿಲ್ಲ. ಬಾಣಂತಿ ಸ್ನಾನ ಎಂಟು ಗಂಟೆಯ ತನಕ ಕಾಯುತ್ತಾ?

ಕಾಯಂ ಜಾಗ ಇಲ್ಲದ ದೋಣಿಗಳು ಸಾಮಾನ್ಯವಾಗಿ ಒಂದೇ ಕಡೆ ೧೪ ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ, ೧೯೯೫ರ ಕಾನೂನದು. ಕೆಲವು ತಂಗುದಾಣಗಳಲ್ಲಿ ೪೮ ಗಂಟೆ ಅಂತಲೇ ಬೋರ್ಡು ಹಾಕಿರುತ್ತಾರೆ. ಇಂಥ ಕೆಲವು ಕಡೆ ದಡದಲ್ಲಿ ಸೊಂಟದೆತ್ತರದ ಕರೆಂಟ್ ಕಂಬ ಇರುತ್ತೆ. ಅಂಥ ಜಾಗ ಸಿಕ್ಕ ದಿನ ನಮ್ಮ ಕಡೆ ನಲ್ಲಿಗೆ ಕಾವೇರಿ ನೀರು ಬಂದ ದಿನದ ಹಾಗೆ. ಎಲ್ಲ ತುಂಬಿಸಿಟ್ಟುಕೊಳ್ಳೋ ಆತುರ!

ಆ ಆತುರದಲ್ಲೇ ನಾವು ಎಡವಿದ್ದು. ತಂಗಿಯ ಗಂಡ ಬ್ಯಾಟರಿ ಚಾರ್ಜಿಗೆ ಹಾಕಿದ್ದರು, ನೀರಿನ ತೊಟ್ಟಿಯ ಕಾಯಿಲ್ ಆನ್ ಆಗಿತ್ತು. ಇತ್ತ ಅಮ್ಮ ಕಷಾಯಕ್ಕೆಂದು ಕೆಟಲ್ ಒತ್ತಿದರು. ಟಪ್! ಕಂಬದೊಳಗಿನ ಸ್ವಿಚ್ಚು ಬಿದ್ದಿತ್ತು. ಆ ಚಳಿಯಲ್ಲಿ ಟಾರ್ಚ್ ಹಿಡಿದು ದಡಕ್ಕೆ ಓಡಿದ ಅಳಿಯನ ಮುಖ ನೋಡಿ ಅಮ್ಮನಿಗೆ ಪಾಪ ಅನ್ನಿಸಿಬಿಟ್ಟಿತು.

ಲೆಕ್ಕ ಬಹಳ ಸುಲಭ. ಕಂಬದ ನೀಲಿ ಸಾಕೆಟ್ಟಿಗೆ ೧೬ ಆಂಪಿಯರ್ ಇದ್ದರೆ, ೨೩೦ ವೋಲ್ಟಿನಿಂದ ಗುಣಿಸಿ: ೩,೬೮೦ ವ್ಯಾಟ್. ಅಲ್ಲಿನ ಮನೆಬಳಕೆಯ ಕೆಟಲ್ ಒಂದೇ ೩,೦೦೦ ವ್ಯಾಟ್‌ವರೆಗೆ ಎಳೆಯುತ್ತೆ, ಕಾಯಿಲ್ ೧,೦೦೦. ಅಲ್ಲಿಗೆ ಮುಗೀತಲ್ಲ! ಕೆಲವು ಕಂಬಗಳಲ್ಲಿ ಇನ್ನೂ ಕಡಿಮೆ. ೬ ಆಂಪಿಯರ್ ಅಂದರೆ ೧,೩೮೦ ವ್ಯಾಟ್ ಅಷ್ಟೇ, ಅಲ್ಲಿ ಕೆಟಲ್ ಮುಟ್ಟಲೇಬೇಡಿ.

ಮರುದಿನದಿಂದ ಅಮ್ಮನ ಟೈಮ್‌ಟೇಬಲ್ ಶುರು. ಬೆಳಗಿನ ಜಾವ ಕಾಯಿಲ್ ಮಾತ್ರ. ಸ್ನಾನ ಮುಗಿದ ಮೇಲೆ ಬ್ಯಾಟರಿ. ಕಷಾಯ, ಅನ್ನ, ಸಾರು ಎಲ್ಲ ಗ್ಯಾಸಿನ ಮೇಲೇ. ಬ್ಯಾಟರಿಗೆ ಒಂದೆರಡು ಗಂಟೆ ಸಾಲೋದಿಲ್ಲ ಅನ್ನೋದು ನೆನಪಿರಲಿ. ಸೀಸದ ಬ್ಯಾಟರಿ ಮುಕ್ಕಾಲು ಭಾಗ ಬೇಗ ತುಂಬಿದರೂ ಕೊನೆಯ ಪಾಲು ಸಣ್ಣ ಉರಿಯಲ್ಲಿ ಹಾಲು ಕಾಯಿಸಿದಂತೆ ನಿಧಾನ. ಅರ್ಧಕ್ಕಿಂತ ಕೆಳಗೆ ಪದೇ ಪದೇ ಇಳಿಸಿದರೆ ಬೇಗ ಹಾಳಾಗುತ್ತೆ ಬೇರೆ.

ಹಣ ಮೊದಲೇ ಕಟ್ಟಬೇಕು. ಒಂದೊಂದು ಕಡೆ ಒಂದೊಂದು ಕಾರ್ಡು, ಇಲ್ಲವೇ ಮೊಬೈಲಿನಲ್ಲಿ ಖಾತೆ. ಒಂದು ಕಡೆಯ ಕಾರ್ಡು ಇನ್ನೊಂದು ಕಡೆ ನಡೆಯುತ್ತೆ ಅನ್ನೋ ಖಾತ್ರಿ ಇಲ್ಲ, ಹೊರಡುವ ಮೊದಲೇ ವಿಚಾರಿಸಿಕೊಳ್ಳಿ. ರೀಜೆಂಟ್ಸ್ ಕಾಲುವೆಯ ಇಸ್ಲಿಂಗ್ಟನ್‌ನಲ್ಲಂತೂ ಜಾಗವನ್ನೇ ಮುಂಚಿತವಾಗಿ ಕಾದಿರಿಸಬೇಕು. ಕಾಲುವೆಗೆ ಮನೆಗಳು ಹತ್ತಿರ ಇರೋದರಿಂದ ಹೊಗೆ ತಪ್ಪಿಸಲು ಎಂಜಿನ್ ಬದಲು ಕಂಬದ ಕರೆಂಟನ್ನೇ ಬಳಸಬೇಕೆಂಬುದು ಅಲ್ಲಿನ ಏರ್ಪಾಡು.

ಜೋಡಿಸುವ ಕ್ರಮ ಗಂಡಸರಿಗೇ ಗೊತ್ತಿದ್ದರೆ ಸಾಲದು, ನೀವೂ ಕಲಿತುಕೊಳ್ಳಿ. ಕೇಬಲ್ಲನ್ನು ಮೊದಲು ದೋಣಿಗೆ ಸಿಕ್ಕಿಸಿ, ಆಮೇಲೆ ಕಂಬಕ್ಕೆ. ಬಿಚ್ಚುವಾಗ ಮೊದಲು ಕಂಬದ್ದು. ತಿರುವುಮುರುವು ಮಾಡಿದರೆ ಕರೆಂಟ್ ಹರಿಯುತ್ತಿರುವ ತುದಿ ಕೈಜಾರಿ ನೀರಿಗೆ ಬೀಳಬಹುದು. ಕೇಬಲ್ ಸುರುಳಿಯನ್ನು ಪೂರ್ತಿ ಬಿಡಿಸಿ, ಸುತ್ತಿಟ್ಟರೆ ಬಿಸಿಯಾಗುತ್ತೆ. ದಡದ ದಾರಿಯಲ್ಲಿ ಓಡಾಡುವವರ ಕಾಲಿಗೆ ಸಿಗಬಾರದು, ನೀರಿಗೂ ತಾಗಬಾರದು. ಇನ್ನೊಂದು ಮಾತು. ದೋಣಿ ಕೊಳ್ಳುವವರಿದ್ದರೆ ಗ್ಯಾಲ್ವನಿಕ್ ಐಸೊಲೇಟರ್ ಇದೆಯೇ ಕೇಳಿ. ಅದಿಲ್ಲದೆ ದಡದ ಕರೆಂಟಿಗೆ ಜೋಡಿಸಿಟ್ಟರೆ ದೋಣಿಯ ಉಕ್ಕಿನ ತಳ ನೀರಿನೊಳಗೇ ಸವೆಯುತ್ತೆ.

ನನಗೆ ನಿಜಕ್ಕೂ ಭಯವಾಗಿದ್ದು ಇದ್ಯಾವುದರಿಂದಲೂ ಅಲ್ಲ. ಬಾಣಂತಿಗೆ ಗಾಳಿ ತಾಗಬಾರದು ಅಂತ ಅಮ್ಮ ಗಾಳಿಕಿಂಡಿಗೆ ಹಳೇ ಸೀರೆಯ ತುಂಡು ತುರುಕಿದ್ದರು, ಮೂಲೆಯಲ್ಲಿ ಕಲ್ಲಿದ್ದಲ ಒಲೆ ಉರಿಯುತ್ತಿತ್ತು. ಸಾಲದ್ದಕ್ಕೆ ಮಗುವಿಗೆ ಕೆಂಡದ ಮೇಲೆ ಸಾಂಬ್ರಾಣಿ ಹಾಕೋ ಯೋಚನೆ ಬೇರೆ. ತಂಗಿ ಕಿರುಚಿಕೊಂಡೇ ಬಂದಳು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರು ಏಳೋದೇ ಇಲ್ಲ. ಅಲ್ಲಿನ ದೋಣಿಗಳಲ್ಲಿ ಅದರ ಅಲಾರಂ ೨೦೧೯ರಿಂದ ಕಡ್ಡಾಯ. ಅಮ್ಮ ಒಂದು ದಿನ ಮುನಿಸಿಕೊಂಡರು. ಆಮೇಲೆ ಕಂಬ ಇದ್ದಷ್ಟು ದಿನವೂ ಒಲೆ ಆರಿಸಿ, ಕಾಯಿಲ್ ಉರಿಯದ ಹೊತ್ತಿನಲ್ಲಿ ಪುಟ್ಟ ಕರೆಂಟ್ ಹೀಟರ್ ಹಾಕಿಕೊಂಡೆವು. ಸಾಂಬ್ರಾಣಿ ಡಬ್ಬಿ ಬೆಂಗಳೂರಿಗೆ ವಾಪಸ್ ಬಂತು.

ಬರೀ ರಜೆಗೆಂದು ದೋಣಿ ಬಾಡಿಗೆಗೆ ತೆಗೆದುಕೊಳ್ಳುವವರಿಗೆ ಇಷ್ಟು ತಲೆನೋವಿಲ್ಲ. ದಿನಾ ನಾಲ್ಕೈದು ಗಂಟೆ ಓಡಾಡಿದರೆ ಬ್ಯಾಟರಿ ತಾನೇ ತುಂಬಿರುತ್ತೆ. ಹಾಗಾಗಿ ಕಂಬದ ಪಕ್ಕದ ಜಾಗ ಬೇಕಾದವರಿಗೆ ಬಿಡಿ.

ನಮ್ಮ ೪೮ ಗಂಟೆ ಮುಗಿಯುವ ಬೆಳಿಗ್ಗೆ ಆಗಲೇ ಒಂದು ದೋಣಿ ಕಾಯುತ್ತಿತ್ತು. ವಯಸ್ಸಾದ ಹೆಂಗಸು, ಒಬ್ಬರೇ. ತಂಗಿ, "ಮಗು ಹಾಲು ಕುಡಿದು ಮಲಗಲಿ, ಇನ್ನೊಂದು ಗಂಟೆ ಬಿಟ್ಟು ಹೊರಡೋಣ" ಅಂದಳು. ಅಮ್ಮ ಕೇಳಲಿಲ್ಲ. "ಪಾಪ, ಅವರ ಬ್ಯಾಟರಿ ಎಷ್ಟು ಖಾಲಿ ಆಗಿದೆಯೋ, ಬಿಚ್ಚಿ" ಅಂತ ಅಳಿಯನನ್ನು ಎಬ್ಬಿಸಿದರು. ನಮ್ಮ ಕೇಬಲ್ ಸುತ್ತುವ ಹೊತ್ತಿಗೆ ಆಕೆಯ ಕೈಯಲ್ಲಿ ಎರಡು ಅಂಟಿನುಂಡೆ ಇಟ್ಟಿದ್ದರು.